ಮನೆಯ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್‌ಗಳನ್ನು ಸ್ಟ್ರೈಪ್ ಮಾಡಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಜೋಡಿಸುವುದು ಮತ್ತು ದುರಸ್ತಿ ಮಾಡುವುದು ನನ್ನ ಕೆಲಸ. ಪಟ್ಟಣದ ಮನೆಗಳಿಂದ, ಮೂಡಿಗೆರೆ ಮತ್ತು ಸಕಲೇಶಪುರದ ಕಡೆಯ ತೋಟದ ಮನೆಗಳಿಂದ, ಬೇಲೂರು, ಹಾಸನಗಳ ಫೋಟೊ ಸ್ಟುಡಿಯೋಗಳಿಂದ ಬರುವವರಲ್ಲಿ ಹಲವರು ಒಂದೇ ಮಾತು ಕೇಳುತ್ತಾರೆ: “ಎರಡು ಹಾರ್ಡ್ ಡಿಸ್ಕ್ ಸೇರಿಸಿ ಒಂದು ಮಾಡಿದರೆ ಸ್ಪೀಡ್ ಡಬಲ್ ಆಗುತ್ತದಂತೆ, ಹೌದಾ?” ನಿಂತಲ್ಲೇ ಒಂದು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸಿದಾಗಲೆಲ್ಲ ಅರ್ಧ ವಿಷಯ ನನ್ನಲ್ಲೇ ಉಳಿದುಬಿಡುತ್ತಿತ್ತು. ಆದ್ದರಿಂದ ಜನ ಕೇಳಿದ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಮನೆಯ ಕಂಪ್ಯೂಟರಿಗೆ ಇದು ಬೇಡ. ಒಂದೇ ಒಂದು ಬಗೆಯ ಕೆಲಸಕ್ಕೆ ಮಾತ್ರ ಇದರಿಂದ ನಿಜವಾದ ಉಪಯೋಗವಿದ್ದು, ಅದನ್ನು ಮುಂದೆ ವಿವರಿಸಿದ್ದೇನೆ.

ಸ್ಟ್ರೈಪ್ ಮಾಡುವುದು ಎಂದರೆ ಏನು?

ಒಂದು ಫೈಲನ್ನು ಇಡಿಯಾಗಿ ಒಂದೇ ಡಿಸ್ಕಿನಲ್ಲಿ ಬರೆಯುವ ಬದಲು ಅದನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ಮೊದಲ ತುಂಡನ್ನು ಮೊದಲ ಡಿಸ್ಕಿಗೆ, ಎರಡನೆಯದನ್ನು ಎರಡನೆಯ ಡಿಸ್ಕಿಗೆ, ಮೂರನೆಯದನ್ನು ಮತ್ತೆ ಮೊದಲ ಡಿಸ್ಕಿಗೆ, ಹೀಗೆ ಸರದಿಯಂತೆ ಹಂಚುತ್ತಾ ಹೋಗುವುದು. ತುಂಡಿನ ಗಾತ್ರ ಸಾಮಾನ್ಯವಾಗಿ 64 ಅಥವಾ 128 ಕೆಬಿ ಇರುತ್ತದೆ. ತಲಾ 2 ಟಿಬಿಯ ಎರಡು ಡಿಸ್ಕ್‌ಗಳನ್ನು ಹೀಗೆ ಜೋಡಿಸಿದರೆ ಕಂಪ್ಯೂಟರಿಗೆ 4 ಟಿಬಿಯ ಒಂದೇ ಡ್ರೈವ್ ಕಾಣಿಸುತ್ತದೆ. ರೇಡ್ 0 ಎಂದು ಕರೆಯುವುದು ಇದನ್ನೇ. ಒಂದು ಡಿಸ್ಕ್ ತುಂಬಿದ ಮೇಲೆ ಇನ್ನೊಂದಕ್ಕೆ ಬರೆಯುವ ಸ್ಪ್ಯಾನಿಂಗ್ ಎಂಬ ಬೇರೊಂದು ಕ್ರಮವಿದೆ. ಅದರಿಂದ ಜಾಗ ಕೂಡುತ್ತದೆಯೇ ಹೊರತು ವೇಗ ಕೂಡುವುದಿಲ್ಲ.

ಎರಡು ಡಿಸ್ಕ್ ಒಟ್ಟಿಗೆ ಓದಿದರೆ ಕಂಪ್ಯೂಟರ್ ಎರಡು ಪಟ್ಟು ವೇಗವಾಗಲೇಬೇಕಲ್ಲವೇ?

ಎಲ್ಲರನ್ನೂ ಈ ದಾರಿಗೆ ಎಳೆಯುವುದು ಈ ನಿರೀಕ್ಷೆಯೇ ಆದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ.

ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ತಟ್ಟೆಗೆ ಒಂದು ಸುತ್ತು ಮುಗಿಸಲು 8.33 ಮಿಲಿಸೆಕೆಂಡ್ ಬೇಕು. ಓದುವ ಹೆಡ್ ತಟ್ಟೆಯ ಮೇಲೆ ಸರಿಯಾದ ಗೆರೆಗೆ ಸರಿಯಲು ಸರಾಸರಿ ಎಂಟೊಂಬತ್ತು ಮಿಲಿಸೆಕೆಂಡ್ ಹಿಡಿಯುತ್ತದೆ. ಅಲ್ಲಿಗೆ ತಲುಪಿದ ಮೇಲೂ, ಬೇಕಾದ ಜಾಗ ಹೆಡ್ಡಿನ ಕೆಳಗೆ ತಿರುಗಿ ಬರುವ ತನಕ ಸರಾಸರಿ ಅರ್ಧ ಸುತ್ತು, ಅಂದರೆ 4.17 ಮಿಲಿಸೆಕೆಂಡ್, ಕಾಯಬೇಕು. ಹೀಗೆ ಸುಮಾರು 13 ಮಿಲಿಸೆಕೆಂಡ್ ಕಳೆದ ಮೇಲೆ ಓದುವ ಕೆಲಸ ಶುರುವಾಗುತ್ತದೆ. ಫೈಲ್ 100 ಕೆಬಿಯದಾದರೆ, ಸೆಕೆಂಡಿಗೆ 180 ಎಂಬಿ ಓದುವ ಡಿಸ್ಕಿಗೆ ಅದನ್ನು ಮುಗಿಸಲು ಅರ್ಧ ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಸಾಕು. ಸ್ಟ್ರೈಪ್ ಮಾಡಿದಾಗ ಕಡಿಮೆಯಾಗುವುದು ಕೊನೆಯ ಈ ಅರ್ಧ ಮಿಲಿಸೆಕೆಂಡ್ ಮಾತ್ರ. ಮೊದಲಿನ 13 ಮಿಲಿಸೆಕೆಂಡ್ ಹಾಗೆಯೇ ಉಳಿಯುತ್ತದೆ.

ಹಾಗೆಯೇ ಉಳಿಯುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಎರಡು ಡಿಸ್ಕ್‌ಗಳ ತಟ್ಟೆಗಳು ಒಂದೇ ತಾಳದಲ್ಲಿ ತಿರುಗುವುದಿಲ್ಲ. ಎರಡರಲ್ಲೂ ಹಂಚಿಹೋದ ಫೈಲನ್ನು ಓದುವಾಗ, ತಡವಾಗಿ ಸಿಗುವ ತುಂಡಿಗಾಗಿ ಬೇಗ ಸಿಕ್ಕ ತುಂಡು ಕಾಯಬೇಕಾಗುತ್ತದೆ. ಲೆಕ್ಕ ಹಾಕಿದರೆ ಸರಾಸರಿ ಕಾಯುವಿಕೆ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತಿಗೆ, ಅಂದರೆ 4.17ರಿಂದ ಸುಮಾರು 5.55 ಮಿಲಿಸೆಕೆಂಡಿಗೆ ಏರುತ್ತದೆ. ಚಿಕ್ಕ ಫೈಲುಗಳಲ್ಲಿ ಗಳಿಸಿದ ಅಲ್ಪ ಲಾಭವನ್ನು ಈ ಕಾಯುವಿಕೆಯೇ ನುಂಗಿಬಿಡಬಹುದು.

ಕಾಫಿ ಕ್ಯೂರಿಂಗ್ ಗೋದಾಮಿನಲ್ಲಿ ಕೆಲಸ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಗಿಲಲ್ಲಿ ನಿಂತ ಲಾರಿಯಿಂದ ಮುನ್ನೂರು ಮೂಟೆ ಇಳಿಸಬೇಕಾದಾಗ ಒಂದು ಸಾಲು ಹಮಾಲಿಗಳ ಬದಲು ಎರಡು ಸಾಲು ನಿಂತರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಆದರೆ ಇಡೀ ಗೋದಾಮಿನಲ್ಲಿ ಎಲ್ಲೋ ಇರುವ ಒಂದು ಗುರುತಿನ ಮೂಟೆಯನ್ನು ಹುಡುಕಿ ತರಬೇಕೆಂದರೆ, ಹೊರುವವರು ಎಷ್ಟು ಮಂದಿ ಇದ್ದರೂ ಹುಡುಕುವ ಹೊತ್ತು ಕಡಿಮೆಯಾಗುವುದಿಲ್ಲ. ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ, ಟ್ಯಾಲಿಯಲ್ಲಿ ಲೆಕ್ಕ ಬರೆಯುವಾಗ ಡಿಸ್ಕ್ ಮಾಡುವುದು ಈ ಎರಡನೆಯ ಬಗೆಯ ಕೆಲಸ: ಸಾವಿರಾರು ಚಿಕ್ಕ ಚಿಕ್ಕ ತುಂಡುಗಳನ್ನು ಹುಡುಕಿ ತರುವುದು. ನೀವು ಪರದೆಯ ಮುಂದೆ ಕುಳಿತು ಕಾಯುವ ಹೊತ್ತಿನ ಬಹುಪಾಲು ಈ ಹುಡುಕಾಟದ್ದೇ.

ದೊಡ್ಡ ಫೈಲಿನ ವಿಷಯದಲ್ಲಿ ಲಾಭ ನಿಜ. 4 ಜಿಬಿಯ ವಿಡಿಯೊವನ್ನು ಒಂದು ಡಿಸ್ಕ್ 22 ಸೆಕೆಂಡಿನಲ್ಲಿ ಓದಿದರೆ ಎರಡು ಸೇರಿ 11 ಸೆಕೆಂಡಿನಲ್ಲಿ ಓದುತ್ತವೆ. ಆದರೆ ಅದನ್ನು ನೀವು ಎಲ್ಲಿಗೆ ನಕಲು ಮಾಡುತ್ತಿದ್ದೀರಿ ಎಂಬುದನ್ನೂ ನೋಡಬೇಕು. ಪೆನ್ ಡ್ರೈವಿಗೋ ಇನ್ನೊಂದು ಒಂಟಿ ಹಾರ್ಡ್ ಡಿಸ್ಕಿಗೋ ಆದರೆ ಆ ತುದಿಯ ವೇಗವೇ ಒಟ್ಟು ವೇಗವಾಗುತ್ತದೆ.

ಇದಕ್ಕೆ ‘ರೇಡ್’ ಎಂಬ ಹೆಸರಿರುವುದರಿಂದ ಮಾಹಿತಿ ಸುರಕ್ಷಿತವಾಗಿರುತ್ತದೆಯೇ?

ಇಲ್ಲ. ಈ ಹೆಸರಿನಿಂದಲೇ ಬಹಳ ಮಂದಿ ಮೋಸ ಹೋಗಿದ್ದಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ‘ರೇಡ್’ (ಹೆಚ್ಚುವರಿ ಮಾಹಿತಿಯೊಂದಿಗೆ ಜೋಡಿಸಿದ ಅಗ್ಗದ ಡಿಸ್ಕ್‌ಗಳು ಎಂಬರ್ಥದ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ) ಎಂಬ ಪದ ಬಳಕೆಗೆ ಬಂತು. ಮೇನ್‌ಫ್ರೇಮ್ ಕಂಪ್ಯೂಟರುಗಳ ಒಂದು ದೊಡ್ಡ, ದುಬಾರಿ ಡಿಸ್ಕಿನ ಬದಲು ಅಗ್ಗದ ಅನೇಕ ಚಿಕ್ಕ ಡಿಸ್ಕ್‌ಗಳನ್ನು ಒಟ್ಟಾಗಿ ದುಡಿಸಬಹುದು ಎಂಬುದು ಅವರ ವಾದ. ಆದರೆ ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳಲ್ಲಿ ಒಂದು ಕೆಡುವ ಸಂಭವ ಹೆಚ್ಚುತ್ತದೆಂದೂ, ಕೆಟ್ಟರೆ ಸರಿಪಡಿಸಿಕೊಳ್ಳಲು ಹೆಚ್ಚುವರಿ ಮಾಹಿತಿ ಇರದಿದ್ದರೆ ಇಂಥ ದೊಡ್ಡ ಜೋಡಣೆ ಬಳಕೆಗೆ ಯೋಗ್ಯವಲ್ಲವೆಂದೂ ಅವರೇ ಆ ಪ್ರಬಂಧದಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಅವರು ವಿವರಿಸಿದ ಹಂತಗಳು 1ರಿಂದ 5ರವರೆಗೆ ಮಾತ್ರ. ಯಾವ ಹೆಚ್ಚುವರಿ ಮಾಹಿತಿಯನ್ನೂ ಇಡದ ಬರಿಯ ಸ್ಟ್ರೈಪಿಗೆ ಸೊನ್ನೆ ಎಂಬ ಅಂಕಿ ಸೇರಿದ್ದು ಆಮೇಲೆ. ಸುರಕ್ಷತೆಯೂ ಸೊನ್ನೆ ಎಂದೇ ಅದನ್ನು ನೆನಪಿಟ್ಟುಕೊಳ್ಳಿ ಎಂದು ನಾನು ಗಿರಾಕಿಗಳಿಗೆ ಹೇಳುತ್ತೇನೆ.

ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರಲ್ಲಿರುವ ಅರ್ಧ ಮಾಹಿತಿಯಾದರೂ ಉಳಿಯುತ್ತದಲ್ಲವೇ?

ಕೆಲವು ವರ್ಷಗಳ ಹಿಂದೆ, ಮದುವೆಯ ಸೀಸನ್ ಮುಗಿದು ಮಳೆ ಹಿಡಿದ ಜೂನ್ ತಿಂಗಳಲ್ಲಿ, ಹಾಸನದ ಕಡೆಯ ಛಾಯಾಗ್ರಾಹಕರೊಬ್ಬರು ಸಿಪಿಯು ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರು. ಎರಡು ಡಿಸ್ಕ್‌ಗಳನ್ನು ಸ್ಟ್ರೈಪ್ ಮಾಡಿ ಅದರಲ್ಲಿ ಮೂರು ಮದುವೆಗಳ ಚಿತ್ರಗಳನ್ನು ಇಟ್ಟಿದ್ದರು. ಕ್ಯಾಮೆರಾದ ಕಾರ್ಡುಗಳನ್ನು ಆಗಲೇ ಅಳಿಸಿ ಬೇರೆ ಕೆಲಸಕ್ಕೆ ಬಳಸಿಯಾಗಿತ್ತು. ಕಂಪ್ಯೂಟರ್ ಚಾಲೂ ಮಾಡಿದಾಗ ಒಂದು ಡಿಸ್ಕ್ ಟಿಕ್, ಟಿಕ್, ಟಿಕ್ ಎಂದು ಏಳೆಂಟು ಸಲ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಇನ್ನೊಂದು ಡಿಸ್ಕ್ ಸಂಪೂರ್ಣ ಆರೋಗ್ಯವಾಗಿತ್ತು.

ಆ ಒಳ್ಳೆಯ ಡಿಸ್ಕಿನಲ್ಲಿ ಇದ್ದುದೇನು? 6 ಎಂಬಿಯ ಒಂದು ಚಿತ್ರ 64 ಕೆಬಿಯ 96 ತುಂಡುಗಳಾಗುತ್ತದೆ, ಅದರಲ್ಲಿ ಒಂದು ಬಿಟ್ಟು ಒಂದರಂತೆ 48 ತುಂಡುಗಳು ಅಲ್ಲಿದ್ದವು. ಜೆಪೆಗ್ ಚಿತ್ರದಲ್ಲಿ ಮಧ್ಯದ ಒಂದು ತುಂಡು ಇಲ್ಲದಿದ್ದರೂ ಅಲ್ಲಿಂದ ಮುಂದಿನದು ಕೆಡುತ್ತದೆ. ಹುಡುಕುವ ತಂತ್ರಾಂಶ ಓಡಿಸಿದಾಗ ತೆರೆದುಕೊಂಡ ಪ್ರತಿ ಚಿತ್ರದಲ್ಲೂ ಮೇಲಂಚಿನಲ್ಲಿ ಮಂಟಪದ ಹೂವಿನ ಸಾಲಿನ ಒಂದು ಎಳೆ ಕಾಣಿಸಿ, ಅದರ ಕೆಳಗೆಲ್ಲ ಬೂದು ಬಣ್ಣ ಮಾತ್ರ ಇತ್ತು. ಫೈಲಿನ ಮೊದಲ ತುಂಡು ಒಳ್ಳೆಯ ಡಿಸ್ಕಿನ ಪಾಲಿಗೆ ಬಂದಿದ್ದ ಚಿತ್ರಗಳಲ್ಲಿ ಕ್ಯಾಮೆರಾ ತಾನೇ ಸೇರಿಸಿಡುವ ಪುಟ್ಟ ಮಾದರಿ ಚಿತ್ರ, 160ಕ್ಕೆ 120 ಚುಕ್ಕೆಗಳಷ್ಟು ಗಾತ್ರದ್ದು, ಉಳಿದಿತ್ತು. ಧಾರೆ ಎರೆಯುವ ಗಳಿಗೆ ಅಂಚೆಚೀಟಿಯಷ್ಟೇ ಗಾತ್ರದಲ್ಲಿ ಪರದೆಯ ಮೇಲೆ ಬಂದಾಗ ಅವರು ಕುರ್ಚಿಯಿಂದ ಎದ್ದು ಹತ್ತಿರ ಬಂದು ನೋಡಿ, “ಇದನ್ನು ದೊಡ್ಡದು ಮಾಡೋಕೆ ಬರಲ್ವಾ ಸಾರ್?” ಎಂದು ಕೇಳಿದರು. ಬರುವುದಿಲ್ಲ ಎಂದು ಹೇಳಬೇಕಾಯಿತು.

ಆದ್ದರಿಂದ ಒಂದು ಡಿಸ್ಕ್ ಹೋದರೆ ಅರ್ಧ ಉಳಿಯುತ್ತದೆ ಎಂದು ಭಾವಿಸಬೇಡಿ. ಒಂದು ತುಂಡಿನೊಳಗೇ ಮುಗಿಯುವ ಪುಟ್ಟ ಫೈಲುಗಳು ಅಲ್ಲೊಂದು ಇಲ್ಲೊಂದು ಸಿಗಬಹುದು, ಅದೂ ಹೆಸರಿಲ್ಲದೆ.

ಹಾರ್ಡ್ ಡಿಸ್ಕ್ ಕೆಡುವುದು ಅಪರೂಪವಲ್ಲವೇ?

ಒಂದೊಂದೇ ಡಿಸ್ಕನ್ನು ನೋಡಿದರೆ ಅಪರೂಪವೇ. ಲಕ್ಷಾಂತರ ಡಿಸ್ಕ್‌ಗಳನ್ನು ಓಡಿಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ತನ್ನ ಅಂಕಿ ಅಂಶಗಳನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ಶೇ. 1ರಿಂದ 2ರಷ್ಟು ಡಿಸ್ಕ್‌ಗಳು ಕೆಟ್ಟಿವೆ. ಶೇ. 1.5 ಎಂದು ಹಿಡಿದರೆ, ಒಂದು ಡಿಸ್ಕ್ ಐದು ವರ್ಷದೊಳಗೆ ಕೆಡುವ ಸಂಭವ ಶೇ. 7ಕ್ಕಿಂತ ಸ್ವಲ್ಪ ಹೆಚ್ಚು. ಎರಡರಲ್ಲಿ ಯಾವುದಾದರೂ ಒಂದು ಕೆಡುವ ಸಂಭವ ಶೇ. 14. ಸ್ಟ್ರೈಪ್ ಮಾಡಿದವರು ಒಪ್ಪಿಕೊಳ್ಳುವುದು ಈ ಎರಡನೆಯ ಅಂಕಿಯನ್ನು.

ಅದೂ ಹವಾನಿಯಂತ್ರಣ ಇರುವ, ಕರೆಂಟು ಹೋಗದ ಕಟ್ಟಡದ ಲೆಕ್ಕ. ನಮ್ಮ ಮಲೆನಾಡಿನ ಮನೆಗಳ ಪರಿಸ್ಥಿತಿ ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಕರೆಂಟಿನ ತಂತಿಯಿಂದಲೋ ಇಂಟರ್‌ನೆಟ್ಟಿನ ತಂತಿಯಿಂದಲೋ ಒಳಗೆ ಬರುತ್ತದೆ. ಮಳೆಗಾಲದ ಗಾಳಿಗೆ ಮರ ಬಿದ್ದು ತೋಟದ ಮನೆಗಳಲ್ಲಿ ದಿನಗಟ್ಟಲೆ ಕರೆಂಟು ಇರದೆ, ಜನರೇಟರ್ ಆಗಾಗ ಹಾಕಿ ಆರಿಸುತ್ತಾರೆ. ಇದರ ಜೊತೆಗೆ, ಸ್ಟ್ರೈಪ್ ಒಡೆಯಲು ಡಿಸ್ಕೇ ಕೆಡಬೇಕೆಂದೇನೂ ಇಲ್ಲ. ಥಂಡಿಗೆ ಕಿಲುಬು ಹಿಡಿದ ಒಂದು ಕನೆಕ್ಟರ್, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಒಂದು ಸಡಿಲವಾದರೂ ಸಾಕು. ಹಾಗಾದಾಗ ವಿಂಡೋಸ್ “ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕೇ” ಎಂದು ಕೇಳಬಹುದು. ದಯವಿಟ್ಟು ಒಪ್ಪಿಗೆ ಕೊಡಬೇಡಿ. ಕಂಪ್ಯೂಟರ್ ಆರಿಸಿ, ಮೊದಲು ಕೇಬಲ್ ಬದಲಿಸಿ ನೋಡಿ.

ವಿಡಿಯೊ ಎಡಿಟಿಂಗ್ ಮಾಡುವವರಿಗೂ ಬೇಡವೇ?

ಉಪಯೋಗವಿರುವ ಒಂದೇ ಕೆಲಸ ಎಂದು ಮೊದಲು ಹೇಳಿದ್ದು ಇದನ್ನೇ, ಆದರೆ ಇಲ್ಲಿಯೂ ಲೆಕ್ಕ ಹಾಕಿಯೇ ಮುಂದುವರಿಯಬೇಕು. ಸಾಧಾರಣ 4ಕೆ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಬರೆಯುತ್ತದೆ ಎಂದುಕೊಳ್ಳಿ. ಎಂಟು ಬಿಟ್ಟಿಗೆ ಒಂದು ಬೈಟ್ ಆದ್ದರಿಂದ ಅದು ಸೆಕೆಂಡಿಗೆ 12.5 ಎಂಬಿ ಆಯಿತು. ಸೆಕೆಂಡಿಗೆ 180 ಎಂಬಿ ಓದುವ ಒಂದೇ ಡಿಸ್ಕಿಗೆ ಇದು ಹಗುರವಾದ ಕೆಲಸ. ಎಡಿಟಿಂಗ್ ತಡವರಿಸುತ್ತಿದ್ದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಆಗಿರುತ್ತದೆ. ಹಾಗಿರುವಾಗ ಡಿಸ್ಕ್ ಜೋಡಿಸಿ ಪ್ರಯೋಜನವಿಲ್ಲ.

ನಾಲ್ಕೈದು ಕ್ಯಾಮೆರಾಗಳ ದೃಶ್ಯಗಳನ್ನು ಒಟ್ಟಿಗೆ ಓಡಿಸುವವರಿಗೆ, ಸಂಕುಚಿತಗೊಳಿಸದ ಅಥವಾ ಅಲ್ಪವೇ ಸಂಕುಚಿತಗೊಳಿಸಿದ ದೊಡ್ಡ ವಿಡಿಯೊ ಫೈಲುಗಳೊಂದಿಗೆ ಕೆಲಸ ಮಾಡುವವರಿಗೆ, ಅನೇಕ ಟಿಬಿ ಜಾಗ ಬೇಕಿದ್ದು ಅಷ್ಟು ದೊಡ್ಡ ಎಸ್‌ಎಸ್‌ಡಿ (ತಿರುಗುವ ತಟ್ಟೆಗಳ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್) ಕೊಳ್ಳಲಾಗದವರಿಗೆ ಸ್ಟ್ರೈಪ್ ಮಾಡಿದ ಹಾರ್ಡ್ ಡಿಸ್ಕ್‌ಗಳು ಕೆಲಸದ ಮೇಜಿನಂತೆ ಒದಗುತ್ತವೆ. ಮೇಜು ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಕೆಲಸಕ್ಕೆ ಬೇಕಾದುದನ್ನು ಅದರ ಮೇಲೆ ಹರಡಿಕೊಳ್ಳಬಹುದು, ಬೆಲೆಬಾಳುವುದನ್ನು ಬೀರುವಿನಲ್ಲೇ ಇಡಬೇಕು. ಮೂಲ ದೃಶ್ಯಗಳು ಬೇರೆ ಒಂದು ಡಿಸ್ಕಿನಲ್ಲಿ ಇದ್ದೇ ಇರಬೇಕು, ಮತ್ತು ಆ ದಿನದ ಎಡಿಟಿಂಗ್ ಪ್ರಾಜೆಕ್ಟ್ ಫೈಲು ಆ ದಿನ ಸಂಜೆಯೇ ಅಲ್ಲಿಗೆ ಹೋಗಬೇಕು. ಈ ಶಿಸ್ತು ಇರುವ ಸ್ಟುಡಿಯೋದವರಿಗೆ ನಾನೇ ಸ್ಟ್ರೈಪ್ ಮಾಡಿಕೊಟ್ಟಿದ್ದೇನೆ.

ಮನೆಯ ನೆಟ್‌ವರ್ಕ್ ಸ್ಟೋರೇಜ್ ಡಬ್ಬಿಯಲ್ಲಿ ಸ್ಟ್ರೈಪ್ ಮಾಡಬಹುದೇ?

ಅಂಥ ಡಬ್ಬಿಯನ್ನು ಮನೆಯ ಕಂಪ್ಯೂಟರುಗಳಿಗೆ ಸೇರಿಸುವ ಗಿಗಾಬಿಟ್ ತಂತಿ ಹೆಚ್ಚೆಂದರೆ ಸೆಕೆಂಡಿಗೆ 125 ಎಂಬಿ ಸಾಗಿಸಬಲ್ಲದು, ಕೈಗೆ ಸಿಗುವುದು ಸುಮಾರು 110. ಒಂದೇ ಡಿಸ್ಕ್ ಆ ತಂತಿಯನ್ನು ತುಂಬಿಸಿಬಿಡುತ್ತದೆ. ವೈಫೈನಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಬೇಡ.

ಮನೆಯಲ್ಲಿ ಬಿದ್ದಿರುವ ಹಳೆಯ ಡಿಸ್ಕ್‌ಗಳನ್ನು ಜೋಡಿಸಬಹುದೇ?

1 ಟಿಬಿ ಮತ್ತು 2 ಟಿಬಿ ಡಿಸ್ಕ್‌ಗಳನ್ನು ಸ್ಟ್ರೈಪ್ ಮಾಡಿದರೆ ಸಿಗುವುದು ಸಾಮಾನ್ಯವಾಗಿ 2 ಟಿಬಿ ಮಾತ್ರ, ಏಕೆಂದರೆ ಚಿಕ್ಕದರಷ್ಟೇ ಜಾಗವನ್ನು ದೊಡ್ಡದರಿಂದಲೂ ತೆಗೆದುಕೊಳ್ಳಲಾಗುತ್ತದೆ. ವೇಗವನ್ನೂ ನಿಧಾನದ ಡಿಸ್ಕೇ ನಿರ್ಧರಿಸುತ್ತದೆ. ವಯಸ್ಸಾದ ಡಿಸ್ಕ್ ಕೆಡುವ ಸಂಭವ ಹೆಚ್ಚು. ಅವುಗಳನ್ನು ಒಂದೊಂದಾಗಿ, ಇನ್ನೊಂದು ಬ್ಯಾಕಪ್ ಪ್ರತಿ ಇಡಲು ಬಳಸುವುದು ಮೇಲು.

ಎರಡು ಎಸ್‌ಎಸ್‌ಡಿಗಳನ್ನು ಸ್ಟ್ರೈಪ್ ಮಾಡಿದರೆ?

ಪರೀಕ್ಷೆಯ ತಂತ್ರಾಂಶದಲ್ಲಿ ಅಂಕಿ ದೊಡ್ಡದಾಗಿ ಕಾಣುತ್ತದೆ. ದಿನಬಳಕೆಯಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಎನ್‌ವಿಎಂಇ ಬಗೆಯ ಒಂದೇ ಎಸ್‌ಎಸ್‌ಡಿ ಸೆಕೆಂಡಿಗೆ 3,000 ಎಂಬಿಗಿಂತ ಹೆಚ್ಚು ಓದಬಲ್ಲದು. ಎರಡು ಸಾಟಾ ಜೋಡಿಸುವುದಕ್ಕಿಂತ, ಮದರ್‌ಬೋರ್ಡಿನಲ್ಲಿ ಜಾಗವಿದ್ದರೆ ಇಂಥದ್ದೊಂದನ್ನು ಹಾಕುವುದು ಸರಳ.

ಹಾಗಾದರೆ ಮಿರರ್ ಮಾಡುವುದು ಒಳ್ಳೆಯದೇ?

ಎರಡೂ ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿಯನ್ನು ಬರೆಯುವ ಮಿರರ್, ಅಂದರೆ ರೇಡ್ 1, ಒಂದು ಡಿಸ್ಕ್ ಕೆಟ್ಟ ದಿನವೂ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಬಿಲ್ಲಿಂಗ್ ನಿಲ್ಲಿಸಲಾಗದ ಅಂಗಡಿಗೆ ಅದು ಬೇಕು. ಆದರೆ ಮಿರರ್ ಅನ್ನು ಬ್ಯಾಕಪ್ ಎಂದು ತಿಳಿಯಬಾರದು. ನೀವು ಕೈತಪ್ಪಿ ಅಳಿಸಿದ ಫೈಲು ಎರಡರಲ್ಲೂ ಆ ಕ್ಷಣವೇ ಅಳಿಸಿಹೋಗುತ್ತದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಎರಡಕ್ಕೂ ಬೀಗ ಹಾಕುತ್ತದೆ. ಎರಡು ಡಿಸ್ಕಿಗೂ ಕರೆಂಟು ಕೊಡುವುದು ಒಂದೇ ಪವರ್ ಸಪ್ಲೈ ಆದ್ದರಿಂದ ಸಿಡಿಲಿಗೂ ಎರಡೂ ಒಟ್ಟಿಗೆ ಹೋಗಬಹುದು.

ನನ್ನ ಹಣವನ್ನು ಎಲ್ಲಿ ಹಾಕಬೇಕು?

ಮೊದಲು ಒಂದು ಎಸ್‌ಎಸ್‌ಡಿಗೆ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. ಆದ್ದರಿಂದ ಹಾರ್ಡ್ ಡಿಸ್ಕ್ 13 ಮಿಲಿಸೆಕೆಂಡ್ ಹುಡುಕುವುದನ್ನು ಅದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಕೊಡುತ್ತದೆ. ವಿಂಡೋಸ್ ಮತ್ತು ದಿನವೂ ಬಳಸುವ ತಂತ್ರಾಂಶಗಳು ಅದರಲ್ಲಿರಲಿ. ಫೋಟೊ, ವಿಡಿಯೊ, ಹಳೆಯ ಲೆಕ್ಕಗಳಿಗೆ ಇರುವ ಹಾರ್ಡ್ ಡಿಸ್ಕೇ ಸಾಕು. ಎಂಟು ಹತ್ತು ವರ್ಷ ಹಳೆಯ ಕಂಪ್ಯೂಟರಿಗೆ ಇಷ್ಟೇ ಮಾಡಿ ಕೊಟ್ಟಾಗಲೂ, ಹೊಸದು ಕೊಂಡಂತಾಯಿತು ಎಂದು ಫೋನ್ ಮಾಡಿ ಹೇಳಿದವರಿದ್ದಾರೆ.

ಎರಡನೆಯ ಹಾರ್ಡ್ ಡಿಸ್ಕಿಗೆಂದು ಇಟ್ಟ ಹಣದಲ್ಲಿ ಹೊರಗಿನಿಂದ ಜೋಡಿಸುವ ಒಂದು ಡಿಸ್ಕ್ ಕೊಂಡು ಬ್ಯಾಕಪ್ ತೆಗೆಯಿರಿ, ಕೆಲಸ ಮುಗಿದ ಮೇಲೆ ಅದರ ತಂತಿಯನ್ನು ಬಿಡಿಸಿಡಿ. ನನ್ನ ಪರಿಚಯದ ಒಂದು ತೋಟದ ಮನೆಯಲ್ಲಿ ಅಜ್ಜನ ಕಾಲದಿಂದ ಇಂಚು ಸೆಂಟುಗಳಲ್ಲಿ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದ್ದಾರೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಬೀರುವಿನ ಡಿಸ್ಕಿನಲ್ಲಿ, ಮೂರನೆಯದು ಸುಮಾರು 60 ಕಿಲೋಮೀಟರ್ ದೂರದ ಹಾಸನದಲ್ಲಿ ಮಗಳ ಮನೆಯಲ್ಲಿ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ನಿಯಮವನ್ನು ಅವರು ಓದಿ ತಿಳಿದವರಲ್ಲ, ಆದರೂ ಹೆಚ್ಚುಕಡಿಮೆ ಅದನ್ನೇ ಪಾಲಿಸುತ್ತಿದ್ದಾರೆ. ಮಳೆಗಾಲದಲ್ಲಿ ಬೀರುವಿನ ಡಿಸ್ಕನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತಾರೆ. ಇದನ್ನು ಎಲ್ಲರಿಗೂ ಹೇಳುತ್ತೇನೆ.

ಹಣ ಇನ್ನೂ ಉಳಿದಿದ್ದರೆ ಯುಪಿಎಸ್.

ಆದರೂ ಸ್ಟ್ರೈಪ್ ಮಾಡಬೇಕಿದ್ದರೆ ಯಾವ ವಿಧಾನ ಒಳ್ಳೆಯದು?

ಮದರ್‌ಬೋರ್ಡಿನ ರೇಡ್ ಸೌಲಭ್ಯ ಬೇಡ ಎನ್ನುವುದು ನನ್ನ ಸಲಹೆ. ಬಹುತೇಕ ಮನೆ ಕಂಪ್ಯೂಟರುಗಳಲ್ಲಿ ಆ ಕೆಲಸವನ್ನು ಮಾಡುವುದೂ ಪ್ರೊಸೆಸರೇ, ಹಾಗಾಗಿ ಹೆಚ್ಚಿನ ವೇಗವೇನೂ ಸಿಗುವುದಿಲ್ಲ. ಬೋರ್ಡ್ ಸುಟ್ಟುಹೋದರೆ ಅದೇ ಜಾತಿಯ ಇನ್ನೊಂದು ಬೋರ್ಡನ್ನು ಹುಡುಕಬೇಕಾಗಬಹುದು. ಲಿನಕ್ಸ್‌ನ ಎಂಡಿ‌ಎಡಿಎಂ ಎಂಬ ತಂತ್ರಾಂಶದಲ್ಲಿ ಮಾಡಿದ ಜೋಡಣೆಯನ್ನು ಬೇರೆ ಲಿನಕ್ಸ್ ಕಂಪ್ಯೂಟರಿನಲ್ಲಿ ತೆರೆಯಬಹುದು. ವಿಂಡೋಸ್‌ನಲ್ಲಾದರೆ ಹಳೆಯ ಡೈನಮಿಕ್ ಡಿಸ್ಕ್ ಬದಲು ಸ್ಟೋರೇಜ್ ಸ್ಪೇಸಸ್ ಬಳಸಿ. ವಿಂಡೋಸ್ ಅನ್ನೇ ಆ ಜೋಡಣೆಯ ಮೇಲೆ ಹಾಕುವ ಯೋಚನೆ ಬೇಡ, ಅದು ಬೇರೆ ಎಸ್‌ಎಸ್‌ಡಿಯಲ್ಲಿ ಇರಲಿ. ಕೊಳ್ಳುವಾಗ ಡಿಸ್ಕ್ ಎಸ್‌ಎಂಆರ್ ಬಗೆಯದೇ ಎಂದು ಕೇಳಿ ತಿಳಿದುಕೊಳ್ಳಿ. ಆ ಬಗೆಯಲ್ಲಿ ದತ್ತಾಂಶದ ಗೆರೆಗಳು ಹಂಚಿನ ಮಾಡಿನಂತೆ ಒಂದರ ಮೇಲೊಂದು ಹೊದೆದಿರುತ್ತವೆ, ದೀರ್ಘಕಾಲ ಬರೆಯುವಾಗ ವೇಗ ಕುಸಿಯುತ್ತದೆ.

ನನ್ನ ಕಂಪ್ಯೂಟರಿನಲ್ಲಿ ಈಗಾಗಲೇ ಸ್ಟ್ರೈಪ್ ಇದೆ. ಬಿಡಿಸುವುದು ಹೇಗೆ?

ಮಾಹಿತಿ ಅಳಿಯದಂತೆ ಇದ್ದಲ್ಲೇ ಬಿಡಿಸುವ ಸುಲಭ ದಾರಿ ಇಲ್ಲ. ಎಲ್ಲವನ್ನೂ ಹೊರಗೆ ನಕಲು ಮಾಡಿ, ಜೋಡಣೆಯನ್ನು ಅಳಿಸಿ, ಮತ್ತೆ ತುಂಬಬೇಕು. 4 ಟಿಬಿ ಮಾಹಿತಿಗೆ, ಸೆಕೆಂಡಿಗೆ 150 ಎಂಬಿ ವೇಗದಲ್ಲಿ, ಹೊರಗೆ ನಕಲು ಮಾಡಲೇ ಸುಮಾರು ಏಳೂವರೆ ಗಂಟೆ ಹಿಡಿಯುತ್ತದೆ. ಯುಪಿಎಸ್ ಇಲ್ಲದಿದ್ದರೆ ಕರೆಂಟು ಸ್ಥಿರವಾಗಿರುವ ದಿನ ನೋಡಿ ಬೆಳಿಗ್ಗೆಯೇ ಶುರುಮಾಡಿ. ಎಲ್ಲಕ್ಕಿಂತ ಮುಖ್ಯವಾದ ಫೋಲ್ಡರ್ ಮೊದಲು ಹೋಗಲಿ. ಕೇಬಲ್ ಕೀಳುವ ಮುಂಚೆ ಯಾವ ಡಿಸ್ಕ್ ಯಾವ ಪೋರ್ಟಿನಲ್ಲಿತ್ತು ಎಂದು ಡಿಸ್ಕಿನ ಮೇಲೆ ಚೀಟಿ ಅಂಟಿಸಿ ಬರೆಯಿರಿ. ನಕಲು ಮುಗಿದ ಮೇಲೆ ಫೈಲುಗಳ ಸಂಖ್ಯೆಯನ್ನೂ ಒಟ್ಟು ಗಾತ್ರವನ್ನೂ ಎರಡೂ ಕಡೆ ಹೋಲಿಸಿ, ಅಲ್ಲಲ್ಲಿ ಹತ್ತಿಪ್ಪತ್ತು ಚಿತ್ರಗಳನ್ನು ಪೂರ್ಣ ಗಾತ್ರದಲ್ಲಿ ತೆರೆದು ಕೆಳಗಿನ ಅಂಚಿನ ತನಕ ನೋಡಿ. ಅಷ್ಟಾದ ಮೇಲೆ ಹಳೆಯ ಜೋಡಣೆಯನ್ನು ಅಳಿಸಬಹುದು.